ಎಲೆ ಕೊಳೆಯತೊಡಗುವುದು ಮರದ ಮೇಲೆಯೇ

ಗೋವಾದ ಮೊಲ್ಲೆಂ ಕಾಡಿನಲ್ಲಿ ಮತ್ತಿ, ನಂದಿ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸುತ್ತವೆ. ಜೂನ್ ಮಳೆ ಹಿಡಿದ ಮೇಲೆ ಮಣ್ಣಿನ ಶಿಲೀಂಧ್ರಗಳು ಆ ತರಗನ್ನು ಹತ್ತಿ ಕೊಳೆಸುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಹಸಿರೆಲೆಯೊಳಗೆ, ಅದಕ್ಕೆ ರೋಗ ತರದೆ ಬದುಕುವ ಶಿಲೀಂಧ್ರಗಳಿವೆ. ವಿಜ್ಞಾನಿಗಳು ಇವನ್ನು ಎಂಡೋಫೈಟ್ ಎನ್ನುತ್ತಾರೆ. ಗಾಳಿ, ಮಳೆಹನಿಯ ಜೊತೆ ಬಂದ ಬೀಜಕಣ ಎಲೆಯ ಮೇಲೆ ಮೊಳೆತು, ಒಳಹೊಕ್ಕು, ಕಣ್ಣಿಗೆ ಕಾಣದಷ್ಟು ಜಾಗದಲ್ಲಿ ತೆಪ್ಪಗಿರುತ್ತದೆ. ಎಲೆ ಮುಪ್ಪಾಗಿ ಅದರ ರಕ್ಷಣೆ ಸಡಿಲವಾದಾಗ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರಂತೆ, ಊಟಕ್ಕೆ ಮೊದಲ ಹಕ್ಕು ಇವುಗಳದೇ. ಎಲೆ ಹೇಗೆ ಕೊಳೆಯಬೇಕೆಂಬುದು ಬಹುಪಾಲು ಅದು ನೆಲ ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ.

ಗೋವಾ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಟ್ ಮತ್ತು ಅವರ ಶಿಷ್ಯರು ಪಶ್ಚಿಮಘಟ್ಟದ ಸೂಕ್ಷ್ಮ ಶಿಲೀಂಧ್ರಗಳನ್ನು ದಶಕಗಳ ಕಾಲ ಹುಡುಕಿದರು. ಒಂದೇ ಗಿಡದ ಜೀವಂತ ಎಲೆಯನ್ನೂ ತರಗನ್ನೂ ಅವರು ಜೊತೆಜೊತೆಗೆ ಪರೀಕ್ಷಿಸಿದ್ದಾರೆ. ಎರಡೂ ಕಡೆ ಸಿಗುವ ಶಿಲೀಂಧ್ರಗಳು ಇವೆಯೆಂಬುದು ಇಂಥ ಅಧ್ಯಯನಗಳ ಸಾರ. ಎಲೆಯ ಹೊರಮೈಗೆ ಅಂಟಿದ್ದ ಬೀಜಕಣವೇ ಬೆಳೆದಿರಬಾರದೇಕೆ ಎಂದು ಕೇಳಬಹುದು. ಅದಕ್ಕೆಂದೇ ಎಲೆಯ ತುಣುಕನ್ನು ಮದ್ಯಸಾರದಲ್ಲೂ ಬ್ಲೀಚಿನ ದ್ರಾವಣದಲ್ಲೂ ಅದ್ದಿ, ತೊಳೆದು, ಆಮೇಲೆ ಶಿಲೀಂಧ್ರ ಬೆಳೆಸುವ ಅಗರ್ ತಟ್ಟೆಯಲ್ಲಿಡುತ್ತಾರೆ. ಕೆಲವೇ ದಿನಗಳಲ್ಲಿ ಕತ್ತರಿಸಿದ ಅಂಚಿನಿಂದ ಬಿಳಿ ಎಳೆಗಳು ಇಣುಕಿದರೆ ಅವು ಒಳಗಿನಿಂದಲೇ ಬಂದವು ಎನ್ನಬಹುದು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಎಲೆಯೊಳಗೆ ಇದ್ದ ಮಾತ್ರಕ್ಕೆ ಕೊಳೆಸುವ ಕೆಲಸವನ್ನೂ ಅದೇ ಮಾಡಿತೆಂದು ಹೇಳುವುದು ಹೇಗೆ? ಇದಕ್ಕೆ ಉತ್ತರ ಜಪಾನಿನಲ್ಲಿದೆ. ಅಲ್ಲಿನ ಕಮೀಲಿಯಾ ಗಿಡದ ಉದುರಿದ ಎಲೆಗಳ ಮೇಲೆ ಬಿಳಿಚಿದ ಮಚ್ಚೆಗಳು ಕಾಣುತ್ತವೆ. ಎಲೆಯಲ್ಲಿ ಮೊದಲೇ ಮನೆಮಾಡಿದ್ದ ಕೊಕ್ಕೊಮೈಸಿಸ್ ಎಂಬ ಶಿಲೀಂಧ್ರ ಲಿಗ್ನಿನ್ ಅನ್ನು ಕರಗಿಸಿದ ಜಾಗಗಳವು. ಲಿಗ್ನಿನ್ ಎಂದರೆ ಎಲೆಗೆ ಗಡಸುತನ ಕೊಡುವ, ಹೆಚ್ಚಿನ ಸೂಕ್ಷ್ಮಜೀವಿಗಳಿಗೆ ಜೀರ್ಣವಾಗದ ವಸ್ತು. ನಮ್ಮ ಕಾಡಿನ ಒದ್ದೆ ತರಗನ್ನು ಕೆದಕಿದರೂ ಇಂಥ ಬಿಳಿಚಿದ ತೇಪೆಗಳು, ಕೆಲವೊಮ್ಮೆ ಸುತ್ತ ತೆಳ್ಳನೆಯ ಕಪ್ಪು ಗೆರೆ ಸಹಿತ, ಸಿಗುತ್ತವೆ.

ಹಾಗಂತ ಎಂಡೋಫೈಟ್ ಇದ್ದಲ್ಲೆಲ್ಲ ಎಲೆ ಬೇಗ ಕೊಳೆಯುತ್ತದೆ ಎನ್ನುವಂತಿಲ್ಲ. ರೈ ಹುಲ್ಲಿನ ಮೇಲೆ ನಡೆದ ಪ್ರಯೋಗದಲ್ಲಿ ಎಂಡೋಫೈಟ್ ಇದ್ದ ಹುಲ್ಲು ನಿಧಾನವಾಗಿ ಕೊಳೆಯಿತು. ಇದರಿಂದ ನನ್ನ ವಾದ ಬೀಳುವುದಿಲ್ಲ. ಬೇಗವೋ ನಿಧಾನವೋ, ವೇಗವನ್ನು ಬದಲಿಸಿದ್ದು ಹುಲ್ಲಿನೊಳಗೆ ಮೊದಲೇ ಇದ್ದ ಶಿಲೀಂಧ್ರವೇ. ಕಾಡಿಗೆ ಬೆಂಕಿ ಬಿದ್ದರೆ ಎಲೆಯ ಈ ಶಿಲೀಂಧ್ರಗಳೆಲ್ಲ ನಾಶವಾಗುತ್ತವೆ ಎಂದೂ ತಿಳಿಯಬೇಕಿಲ್ಲ. ಪಶ್ಚಿಮಘಟ್ಟದ ತರಗಿನಲ್ಲಿ ಸಿಗುವ ಕೆಲವು ಶಿಲೀಂಧ್ರಗಳ ಬೀಜಕಣಗಳು 100 ಡಿಗ್ರಿ ಸೆಲ್ಸಿಯಸ್ಸಿನ ಒಣ ಶಾಖವನ್ನೂ ತಾಳುತ್ತವೆಂದು ಚೆನ್ನೈನ ಟಿ. ಎಸ್. ಸೂರ್ಯನಾರಾಯಣನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಆದರೆ ಎಲ್ಲವೂ ಅಷ್ಟು ಗಟ್ಟಿಯಲ್ಲ. ಕೊಳೆಯುವ ವೇಗ ಅಳೆಯಲು ತರಗನ್ನು ಬಲೆಚೀಲದಲ್ಲಿ ತುಂಬಿ ಕಾಡಿನಲ್ಲಿಡುವವರು ಕೆಲವೊಮ್ಮೆ ಅದನ್ನು ಮೊದಲು ಒಲೆಯಲ್ಲಿ ಒಣಗಿಸುತ್ತಾರೆ. ಎಲೆ ಹೊತ್ತು ತಂದ ಶಿಲೀಂಧ್ರಗಳಲ್ಲಿ ಹಲವನ್ನು ಶಾಖದಿಂದ ಕೊಂದು ನಡೆಸಿದ ಅಂಥ ಲೆಕ್ಕವನ್ನು ಕಾಡಿನ ಲೆಕ್ಕವೆಂದು ಒಪ್ಪಲಾಗದು.