ನಂಬಿಕೆಗೂ ಒಂದು ಕೊಳಗ ಬೇಕು



ಗ್ರಾಮ ಪಂಚಾಯಿತಿಯ ಮೇಲೆ ಜನರಿಗೆ ನಂಬಿಕೆ ಹುಟ್ಟುವುದು ಹೇಗೆ? ಭಾಷಣದಿಂದಲ್ಲ, ಹೊಸ ಕಟ್ಟಡದಿಂದಲೂ ಅಲ್ಲ. ಅಳತೆ ಎಲ್ಲರಿಗೂ ಒಂದೇ ಆಗಿರಬೇಕು. ಕೊಟ್ಟ ಮಾತು ನಡೆಯಬೇಕು. ಲೆಕ್ಕ ಎಲ್ಲರ ಕಣ್ಣಿಗೂ ಬೀಳಬೇಕು. ಈ ಮೂರನ್ನೂ ನಮ್ಮ ಸೀಮೆಯ ಅನುಭವವೇ ಕಲಿಸಿದೆ.

ಮೊದಲನೆಯದು ಅಳತೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತ ಅಳೆಯುವ ಕೊಳಗವೇ ಜಗಳದ ಮೂಲ. ಒಡೆಯರ ಕೊಳಗ ದೊಡ್ಡದು. ಆದ್ದರಿಂದ ವರ್ಷವಿಡೀ ದುಡಿದ ಒಕ್ಕಲಿಗೆ ಕಣದಲ್ಲಿ ಉಳಿಯುತ್ತಿದ್ದುದು ಕಡಿಮೆ. ಎಚ್. ಗಣಪತಿಯಪ್ಪನವರು ಮುಂದಾಳಾಗಿ ನಿಂತರು. ಡಾ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಈ ಹೋರಾಟದಲ್ಲಿದ್ದ ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರನ್ನು 1952ರಲ್ಲಿ ಸಾಗರ-ಹೊಸನಗರದ ಮತದಾರರು ವಿಧಾನಸಭೆಗೆ ಆರಿಸಿ ಕಳುಹಿಸಿದರು. ಕಷ್ಟದಲ್ಲಿ ಜೊತೆಗೆ ನಿಂತವರನ್ನು ಜನ ನಂಬುತ್ತಾರೆ. ಪಂಚಾಯಿತಿಯೂ ಮನೆ ಹಂಚುವಾಗ ಬೇಕಾದವರಿಗೊಂದು ಕೊಳಗ, ಬೇಡವಾದವರಿಗೊಂದು ಕೊಳಗ ಹಿಡಿದರೆ ನಂಬಿಕೆ ಉಳಿಯದು.

ಎರಡನೆಯದು ಮಾತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ನಾಡಿಗೆ ವಿದ್ಯುತ್ ಬಂತು. ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ನೀರಿನಡಿ ಸೇರಿದವು. ನೆಲ ಬಿಟ್ಟು ಎದ್ದ ಕುಟುಂಬಗಳಲ್ಲಿ ಎಷ್ಟೋ ಮಂದಿಯ ಮಕ್ಕಳು ಮೊಮ್ಮಕ್ಕಳು ತಾವು ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಅಂಥವರ ಮುಂದೆ ಹೊಸ ಯೋಜನೆಯ ಹೆಸರೆತ್ತಿದರೆ ಅವರು ಸಂಶಯಪಡುವುದು ಸಹಜ. ಅದನ್ನು ಅಜ್ಞಾನವೆನ್ನಲಾಗದು. ಹಳೆಯ ಮಾತು ತೀರಿಸದೆ ಹೊಸ ಮಾತಿಗೆ ಬೆಲೆ ಬಾರದು.

ಮೂರನೆಯದು ಲೆಕ್ಕ. ಇದು ನಮ್ಮ ಕೈಯಲ್ಲೇ ಇದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾನೂನಿನಂತೆ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಸೇರತಕ್ಕದ್ದು. ಪಂಚಾಯಿತಿಯ ಜಮಾ-ಖರ್ಚು ಅಲ್ಲಿ ಜನರ ಮುಂದೆ ಬರಬೇಕು. 2005ರ ಮಾಹಿತಿ ಹಕ್ಕು ಕಾನೂನಿನಂತೆ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು.

ಮುಂದಿನ ಗ್ರಾಮಸಭೆಗೆ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ. ಮೂರು ಪ್ರಶ್ನೆ ಕೇಳಿ: ಹಣ ಎಷ್ಟು ಬಂತು? ಯಾವ ಕೆಲಸಕ್ಕೆ ಹೋಯಿತು? ಫಲಾನುಭವಿಗಳನ್ನು ಆರಿಸಿದ್ದು ಹೇಗೆ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿ. ಕೇಳುವವರಿದ್ದ ಕಡೆ ಕೊಳಗ ಸರಿಯಾಗಿರುತ್ತದೆ.