ಚಕ್ರವರ್ತಿ ನೀವೇ, ಹಡಗು ನಿಮ್ಮದಲ್ಲ

ಗೇಮಲ್ಲಿ ನೀವೇ ಚಕ್ರವರ್ತಿ.
ಆದ್ರೂ ಕಣ್ಣೆದುರು ಹೋಗ್ತಿರೋ ಸರಕು ಹಡಗು
ನಿಮ್ಮ ಮಾತು ಕೇಳಲ್ಲ.
ಯಾಕೆ?

ಯಾಕಂದ್ರೆ, ಅದು ನಿಮ್ಮದಲ್ಲ.

ಇದು ಡಿಸ್ಟಂಟ್ ವರ್ಲ್ಡ್ಸ್.
2010ರಲ್ಲಿ ಬಂದ ಬಾಹ್ಯಾಕಾಶದ ಸ್ಟ್ರಾಟೆಜಿ ಗೇಮ್.
ಯುದ್ಧನೌಕೆ, ಬಂದರು: ಸರ್ಕಾರದ್ದು, ಅಂದ್ರೆ ನಿಮ್ಮದು.
ಸರಕು ಹಡಗು, ಗಣಿ ಹಡಗು: ಖಾಸಗಿಯವರದ್ದು.

ಮುಂಬೈಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.
ಮಾಟುಂಗಾಕ್ಕೆ ರೈಲು ತಂದಿದ್ದು ರೈಲ್ವೆ.
ಆದ್ರೆ ಸ್ಟೇಷನ್ ಪಕ್ಕ ಬಾಳೆಎಲೆ ಊಟ ಹಾಕಿ ಅಂತ
ಯಾವ ಸಾಹೇಬನೂ ಆರ್ಡರ್ ಹೊರಡಿಸಲಿಲ್ಲ.
ಹಸಿದವರಿದ್ರು.
ಉಡುಪಿ ಕಡೆಯವರು ಬಂದ್ರು.
1942ರಲ್ಲಿ ರಾಮಾ ನಾಯಕರ ಬೋರ್ಡಿಂಗ್ ಶುರುವಾಯ್ತು.
ಅನ್ನ, ಸಾರು, ಪಲ್ಯ... ಇವತ್ತಿಗೂ ನಡೀತಿದೆ.

ಗೇಮಲ್ಲೂ ಹಾಗೇ.
ನೀವು ಬಂದರು ಕಟ್ತೀರಿ.
ಅಲ್ಲಿ ಏನು ಕಮ್ಮಿ ಇದೆಯೋ,
ಅದನ್ನ ಹೊತ್ತು ಹಡಗು ತಾನಾಗೇ ಬರುತ್ತೆ.

ಈಗ ದುಡ್ಡು ಹೇಗೆ ತಿರುಗುತ್ತೆ ನೋಡಿ.
ಖಾಸಗಿಯವರಿಗೆ ಹೊಸ ಹಡಗು ಬೇಕು.
ಕಟ್ಟಿಸೋಕೆ ನಿಮ್ಮ ಶಿಪ್‌ಯಾರ್ಡಿಗೇ ಬರಬೇಕು.
ಆ ದುಡ್ಡು ನಿಮ್ಮ ಖಜಾನೆಗೆ.
ಮೇಲಿಂದ ತೆರಿಗೆ ಬೇರೆ!

ಅಷ್ಟರಲ್ಲಿ ಕಡಲ್ಗಳ್ಳರು ಬಂದ್ರು ಅನ್ಕೊಳ್ಳಿ.
(ಕಡಲಿಲ್ಲದ ಕಡಲ್ಗಳ್ಳರು, ಇರಲಿ ಬಿಡಿ.)
ಹೊಡೆದಿದ್ದು ಖಾಸಗಿ ಹಡಗಿಗೆ.
ನಮಗೇನು ಅಂತ ಸುಮ್ನಿದ್ರೆ?
ಕ್ಯಾಸ್ಲಾನ್ ಅನ್ನೋ ಇಂಧನ ಬಂದರಿಗೆ ಬರಲ್ಲ.
ಟ್ಯಾಂಕ್ ಖಾಲಿ.
ನಿಮ್ಮ ಭಾರೀ ಯುದ್ಧನೌಕೆ ಕುಂಟಿಕೊಂಡು ಹೋಗುತ್ತೆ.

ಎಲ್ಲಾ ತಮ್ಮ ಕೈಲೇ ಇರಬೇಕು ಅನ್ನೋರಿಗೆ
ಈ ಗೇಮ್ ಕಿರಿಕಿರಿ.
ನನಗಂತೂ ಇದೇ ಮಜಾ.

ಎರಡನೇ ಭಾಗ 2022ರಲ್ಲಿ ಬಂದಿದೆ.
ಆಡೋರು ಮೊದಲು ಒಂದು ಬಂದರು ಕಟ್ಟಿ,
ಸ್ವಲ್ಪ ಹೊತ್ತು ಕೈಕಟ್ಟಿ ಕೂತು ನೋಡಿ.