ಟರ್ಬೋ ಕೆಟ್ಟಿತೆಂದು ಹೇಳುವ ಮುನ್ನ

2024ರ ಡಿಸೆಂಬರಿನಲ್ಲಿ ಅಂಕೋಲಾದಲ್ಲಿ ತಂಗಿಯ ಮನೆಯ ಗೃಹಪ್ರವೇಶ ಮುಗಿಸಿಕೊಂಡು ನಾವು ಕುಟುಂಬ ಸಮೇತರಾಗಿ ಹುಬ್ಬಳ್ಳಿಗೆ ಹಿಂದಿರುಗುತ್ತಿದ್ದೆವು. ಹಿಂದಿನ ಆಸನದಲ್ಲಿ ವೃದ್ಧರಾದ ತಾಯಿಯವರು, ಪಕ್ಕದಲ್ಲಿ ಮಗಳು, ಡಿಕ್ಕಿಯ ತುಂಬ ಬುತ್ತಿ ಗಂಟು. ಅರಬೈಲು ಘಟ್ಟದ ಏರಿನಲ್ಲಿ ಭಾರ ತುಂಬಿದ ಲಾರಿಯೊಂದು ತೆವಳುತ್ತಿತ್ತು. ರಸ್ತೆ ನೇರವಾಗಿ ಕಂಡ ಕಡೆ ಅದನ್ನು ದಾಟಲೆಂದು ಹೊರಬಂದು ಎಕ್ಸಲರೇಟರ್ ಅದುಮಿದೆವು. ಎಂದಿನ ಎಳೆತ ಬರಲಿಲ್ಲ. ಮುಂಭಾಗದಿಂದ ಬುಸ್ಸೆಂಬ ಸದ್ದು, ಕನ್ನಡಿಯಲ್ಲಿ ಕರಿಹೊಗೆ, ಎದುರಿನ ತಿರುವಿನಲ್ಲಿ ಬಸ್ಸು! ಬ್ರೇಕು ಹಾಕಿ ಮತ್ತೆ ಲಾರಿಯ ಬೆನ್ನಿಗೆ ಸೇರಿಕೊಳ್ಳುವಷ್ಟು ಅವಕಾಶ ದೊರೆತುದು ನಮ್ಮ ಪುಣ್ಯ. “ಯಪ್ಪಾ, ಅವಸರ ಬ್ಯಾಡ, ಹಿಂದ ಇರೂಣು” ಎಂದಷ್ಟೇ ತಾಯಿಯವರು ನುಡಿದರು. ಎಂಜಿನ್ನಿನ ಎಚ್ಚರಿಕೆಯ ದೀಪ ಹೊತ್ತಿಕೊಂಡೇ ಮನೆ ಸೇರಿದೆವು.

ನಮ್ಮದು 2012ರ ಡೀಸೆಲ್ ಕಾರು. ಇಂತಹ ಕಾರುಗಳು ಇಂದು ಅದೆಷ್ಟೋ ಮನೆಗಳ ಮುಂದೆ ನಿಂತಿವೆ. ಇನ್ನೂ ಚೆನ್ನಾಗಿಯೇ ದುಡಿಯುತ್ತಿವೆ. ಆದರೆ ಎಳೆತ ಕುಂದಿತೆಂದರೆ ಸಾಕು, ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು “ಟರ್ಬೋ ಹೋಗಿದೆ” ಎಂಬುದೇ. ಈ ಒಂದು ಮಾತಿಗೆ ಮನೆಯ ಯಜಮಾನ ತೆರಬೇಕಾದ ಬೆಲೆ ಅಲ್ಪವಲ್ಲ. ಆದುದರಿಂದ ನಾವು ಅನುಭವದಿಂದ ಕಲಿತುದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬಯಸುತ್ತೇವೆ.

ಟರ್ಬೋ ಎಂಬುದು ಹೊಸ ಸಾಧನವೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಅದರ ಕಲ್ಪನೆಗೆ ಪೇಟೆಂಟ್ ಪಡೆದಿದ್ದರು. ಡೀಸೆಲ್ ಕಾರಿಗೆ ಅದು ಬಂದುದು ಬಹಳ ತಡವಾಗಿ, 1978ರ ಮರ್ಸಿಡಿಸ್ ಬೆಂಜ್ ಕಾರಿನೊಡನೆ. ನಮ್ಮಲ್ಲಿ ಹಳೆಯ ಡೀಸೆಲ್ ಅಂಬಾಸಿಡರಿಗೆ ಟರ್ಬೋ ಇರಲಿಲ್ಲ, ಕ್ವಾಲಿಸ್‌ಗೂ ಇರಲಿಲ್ಲ. 1998ರ ಸಫಾರಿ, 2002ರ ಸ್ಕಾರ್ಪಿಯೋ, 2005ರ ಇನೋವಾ ಇವುಗಳ ಕಾಲಕ್ಕೆ ಟರ್ಬೋ ಎಂಬ ಪದ ಮನೆಮಾತಾಯಿತು.

ಅದರ ಕೆಲಸ ತಿಳಿಯದೆ ಅದರ ರೋಗ ತಿಳಿಯದು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಮತ್ತೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ಕಳುಹಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ನಡುವೆ ಇಂಟರ್‌ಕೂಲರ್ ಎಂಬ ಜಾಲರಿ ಅದನ್ನು ತಂಪುಗೊಳಿಸುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಡೀಸೆಲ್ ಉರಿಸಬಹುದು. ಎಳೆತ ಬರುವುದು ಹೀಗೆ. ಎಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವಾಗ ಆ ಪುಟ್ಟ ದಂಡ 1,50,000 ಸುತ್ತುಗಳನ್ನು ಮೀರುವುದುಂಟು. ಹೊಗೆಯ ಬದಿಯಲ್ಲಿ 700 ಡಿಗ್ರಿಗೂ ಮಿಕ್ಕ ತಾಪ. ಇಷ್ಟನ್ನೂ ತಡೆದುಕೊಂಡು ಆ ದಂಡ ನಿಂತಿರುವುದು ಆಯಿಲಿನ ತೆಳುವಾದ ಪೊರೆಯ ಮೇಲೆ.

ಮರುದಿನ ನಾವು ಹೋದ ಗ್ಯಾರೇಜಿನಲ್ಲಿ ಹುಡುಗನೊಬ್ಬ ಸ್ಕ್ಯಾನರ್ ಚುಚ್ಚಿ ನೋಡಿದ. ಪಿ 0299 ಎಂಬ ಸಂಕೇತ ಮೂಡಿತು. “ಟರ್ಬೋ ಹೋಗೇತ್ರಿ ಸರ್, ಹೊಸಾದ ಹಾಕಬೇಕು” ಎಂದು ನಿರ್ಣಯವಾಯಿತು. ಕೂಲಿ ಸೇರಿ 42,000 ರೂಪಾಯಿ. ಬಾನೆಟ್ಟನ್ನು ಎತ್ತಿ ಕೈಯಾಡಿಸಿ ನೋಡಿದವರು ಯಾರೂ ಇಲ್ಲ. ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟ ಹಣವಿತ್ತು. ಅದನ್ನೇ ಕೊಡುವುದೆಂದು ನಾವೂ ಮನಸ್ಸು ಮಾಡಿದ್ದೆವು. ಆ ಸಂಕೇತ ಹೇಳುವುದು ಇಷ್ಟೇ: ಬೇಕಾದಷ್ಟು ಗಾಳಿಯ ಒತ್ತಡ ಎಂಜಿನ್ನಿಗೆ ತಲುಪುತ್ತಿಲ್ಲ. ಏಕೆ ತಲುಪುತ್ತಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಮೈ ಬಿಸಿಯಾಗಿದೆ ಎಂದು ತೋರಿಸುವ ಥರ್ಮಾಮೀಟರು ಜ್ವರದ ಕಾರಣವನ್ನು ಹೇಳೀತೆ?

ನೆರೆಮನೆಯ ಹಿರಿಯರ ಒತ್ತಾಯಕ್ಕೆ ಕಟ್ಟುಬಿದ್ದು ಲಾರಿ ರಿಪೇರಿಯಲ್ಲಿ ತಲೆ ನರೆತ ಮಿಸ್ತ್ರಿಯೊಬ್ಬರ ಬಳಿ ಕಾರನ್ನು ಒಯ್ದೆವು. ಅವರು ಸ್ಕ್ಯಾನರಿಗಿಂತ ಮೊದಲು ಪ್ರಶ್ನೆಗಳನ್ನು ಹೊರತೆಗೆದರು. ಹೊಗೆಯ ಬಣ್ಣ ಯಾವುದು? ಸದ್ದು ಸಿಳ್ಳಿನಂತೆಯೋ, ಗಾಳಿ ಸೋರಿದಂತೆಯೋ? ಆಯಿಲ್ ಇಳಿಯುತ್ತಿದೆಯೇ? ಕೀಲಿ ತಿರುಗಿಸಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ ಎಳೆತ ಮರಳುವುದೇ? ವೈದ್ಯರು ನಾಡಿ ಹಿಡಿದಂತೆ ಒಂದೊಂದನ್ನೂ ಕೇಳಿ, “ಟರ್ಬೋ ತಾನಽ ಸಾಯಂಗಿಲ್ರಿ ಅಣ್ಣಾರ. ಅದನ್ನ ಯಾರರ ಕೊಂದಿರತಾರ. ಮೊದಲ ಸತ್ತೈತೋ ಇಲ್ಲೋ ನೋಡೂಣು” ಎಂದರು.

ಕರಿಹೊಗೆಯೆಂದರೆ ಡೀಸೆಲಿಗೆ ತಕ್ಕ ಗಾಳಿ ಇಲ್ಲವೆಂದು ಅರ್ಥ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು, ಇಲ್ಲವೆ ಒತ್ತಿದ ಗಾಳಿ ದಾರಿಯಲ್ಲಿ ಸೋರುತ್ತಿರಬಹುದು. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಅದು ಟರ್ಬೋದ್ದೇ ಎಂದಿಲ್ಲ, ಪಿಸ್ಟನ್ ರಿಂಗು ಸವೆದರೂ ಹಾಗೆಯೇ. ಸೈರನ್ನಿನಂತೆ ಏರಿಳಿಯುವ ಕೀರಲು ಧ್ವನಿ ಟರ್ಬೋದ ಒಳಗಿನ ಸವೆತವನ್ನು ಸೂಚಿಸುತ್ತದೆ. ಬುಸ್ಸೆಂಬುದು ಸಾಮಾನ್ಯವಾಗಿ ಪೈಪಿನ ಸೋರಿಕೆ. ಕೀಲಿ ತಿರುಗಿಸಿ ಮತ್ತೆ ಹಚ್ಚಿದೊಡನೆ ಎಳೆತ ಮರಳಿ, ಸ್ವಲ್ಪ ದೂರ ಸಾಗಿ ಮತ್ತೆ ಹೋಗುತ್ತಿದ್ದರೆ, ಎಂಜಿನ್ ತನ್ನ ರಕ್ಷಣೆಗಾಗಿ ತಾನೇ ಬಲವನ್ನು ಕಡಿತಗೊಳಿಸುತ್ತಿದೆ ಎಂದು ತಿಳಿಯಬೇಕು. ಅಂತಹ ಕಡೆ ಟರ್ಬೋದೊಳಗಿನ ಚಲಿಸುವ ರೆಕ್ಕೆಗಳು ಮಸಿ ಹಿಡಿದು ಅಂಟಿಕೊಂಡಿರಬಹುದು, ಇಲ್ಲವೆ ಅವುಗಳನ್ನು ಆಡಿಸುವ ಸಣ್ಣ ವ್ಯಾಕ್ಯೂಮ್ ಪೈಪು ಬಿರಿದಿರಬಹುದು. ಆ ಪೈಪಿನ ಬೆಲೆ ಅತ್ಯಲ್ಪ. ವ್ಯಾಕ್ಯೂಮಿನಿಂದ ಆಡುವ ಬಹುಪಾಲು ಟರ್ಬೋಗಳಲ್ಲಿ ಎಂಜಿನ್ ಹಚ್ಚುವಾಗ ಪಕ್ಕದ ಸಣ್ಣ ಸಲಾಕೆ ಸರಿಯುವುದನ್ನು ಕಣ್ಣಿನಿಂದಲೇ ಕಾಣಬಹುದು.

ನಮ್ಮ ಕಾರಿನ ರೋಗ ಎಲ್ಲಿತ್ತೆಂಬುದನ್ನು ಮಿಸ್ತ್ರಿಯವರು ತೋರಿಸಿದ ಬಗೆ ಸರಳವಾದುದು. ಟರ್ಬೋಗೆ ಗಾಳಿ ಹೋಗುವ ಬಾಯಿಯನ್ನು ಟೈರಿನ ವಾಲ್ವು ಕೂಡಿಸಿದ ಮುಚ್ಚಳದಿಂದ ಬಿಗಿದು, ಒಂದು ಬಾರ್‌ಗಿಂತ ಕಡಿಮೆ ಒತ್ತಡದ ಗಾಳಿಯನ್ನು ಒಳಗೆ ಬಿಟ್ಟರು. ಬಳಿಕ ಪೈಪುಗಳ ಮೇಲೆಲ್ಲ ಸೋಪಿನ ನೀರು ಚಿಮುಕಿಸಿದರು. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಸಾಗುವ ರಬ್ಬರ್ ಹೋಸಿನ ಕೆಳಮೈಯಲ್ಲಿ ನೊರೆ ಉಕ್ಕಿತು. ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಬೆರಳುದ್ದದ ಸೀಳು ಬಿದ್ದಿತ್ತು! ನಿಂತ ಕಾರಿನಲ್ಲಿ ಎಂಜಿನ್ ಎಷ್ಟು ಕೂಗಿಸಿದರೂ ಟರ್ಬೋದ ಒತ್ತಡ ಪೂರ್ತಿ ಏರುವುದಿಲ್ಲ. ಆಗ ಸೀಳು ಮುಚ್ಚಿಕೊಂಡೇ ಇರುತ್ತದೆ. ಘಟ್ಟದ ಏರಿನಲ್ಲಿ ಭಾರ ಬಿದ್ದಾಗ ಮಾತ್ರ ಬಾಯಿ ತೆರೆಯುತ್ತದೆ. ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿ ನೋಡಿದವರಿಗೆ ಅದು ಕಾಣದಿರುವುದು ಸಹಜವೇ. ಆದರೆ ಕಾಣದುದಕ್ಕೆ 42,000 ಕೇಳಿದುದು ಸಹಜವೆನ್ನಲಾರೆವು. ಹೊಸ ಹೋಸು, ಕ್ಲಿಪ್ಪು ಎರಡೂ ಸೇರಿ 1,900 ರೂಪಾಯಿ ಆಯಿತು.

ಅಷ್ಟಕ್ಕೇ ಅವರು ಬಿಡಲಿಲ್ಲ. ತಣ್ಣಗಿದ್ದ ಎಂಜಿನ್ನಿನ ಟರ್ಬೋ ಬಾಯಿ ತೆರೆದಿದ್ದಂತೆಯೇ ನಮ್ಮ ಬೆರಳನ್ನು ಆ ಚಕ್ರದ ಮೇಲಿರಿಸಿದರು. ಅದು ತಡೆಯಿಲ್ಲದೆ ತಿರುಗಿತು. ಅಕ್ಕಪಕ್ಕಕ್ಕೆ ತುಸು ಅಲುಗಿದಾಗ ನಮಗೆ ಗಾಬರಿಯಾಯಿತು. ಆಯಿಲಿನ ಪೊರೆಯ ಮೇಲೆ ತೇಲಬೇಕಾದ ದಂಡಕ್ಕೆ ಅಷ್ಟು ಅಲುಗಾಟ ಇರಲೇಬೇಕಂತೆ. ಹಿಂದಕ್ಕೂ ಮುಂದಕ್ಕೂ ಎಳೆದಾಗ ಮಾತ್ರ ಕೈಗೆ ತಿಳಿಯುವಷ್ಟು ಚಲನೆ ಇರಕೂಡದು. ರೆಕ್ಕೆಗಳ ತುದಿ ಗೋಡೆಗೆ ತಾಗಿದ ಗೀರು ಇರಕೂಡದು. ಹೋಸಿನ ಒಳಗೆ ತೆಳ್ಳಗೆ ಆಯಿಲಿನ ಪಸೆ ಇದ್ದರೆ ಅದು ಎಂಜಿನ್ನಿನ ಉಸಿರಿನೊಡನೆ ಬಂದುದು, ಚಿಂತೆಯಿಲ್ಲ. ಇಂಟರ್‌ಕೂಲರಿನಲ್ಲಿ ಆಯಿಲ್ ಮಡುಗಟ್ಟಿದ್ದರೆ ಮಾತ್ರ ಎಚ್ಚರಗೊಳ್ಳಬೇಕು.

ಕೊನೆಗೆ ಆಯಿಲ್ ಕಡ್ಡಿ ಎಳೆದು ನೋಡಿದ ಮಿಸ್ತ್ರಿಯವರು ನಮ್ಮ ಮುಖ ನೋಡಿದರು. ಮಟ್ಟ ಕೆಳಗಿನ ಗೆರೆಯ ಬಳಿ ಇತ್ತು. ಬದಲಿಸುವ ಅವಧಿಯೂ ಮೀರಿತ್ತು. ಈ ತಪ್ಪು ಸಂಪೂರ್ಣವಾಗಿ ನಮ್ಮದೇ. ಮೂಲೆಯಿಂದ ಅವರೊಂದು ಸತ್ತ ಟರ್ಬೋವನ್ನು ತಂದು ತೋರಿಸಿದರು: ದಂಡ ನೀಲಿಗಟ್ಟಿ ಸುಟ್ಟಿತ್ತು. ಅದು ಬೇರೊಬ್ಬರ ಕಾರಿನ ಎರಡನೆಯ ಟರ್ಬೋ; ಹಾಕಿದ ಎರಡೇ ವಾರದಲ್ಲಿ ಹೋದದ್ದು. ಮೊದಲನೆಯದನ್ನು ಕೊಂದುದು ಮಸಿಗಟ್ಟಿದ ಆಯಿಲ್ ಪೈಪು. ಅದನ್ನು ಬದಲಿಸದೆ ಹೊಸ ಟರ್ಬೋವನ್ನು ಮಾತ್ರ ಕೂಡಿಸಿದ್ದರು. ನಿಜವಾಗಿಯೂ ಟರ್ಬೋ ಬದಲಿಸಬೇಕಾಗಿ ಬಂದ ಬಂಧುಗಳು ಕೇಳಬೇಕಾದ ಪ್ರಶ್ನೆ ಇದೇ: ಹಳೆಯದು ಏಕೆ ಸತ್ತಿತು? ಆಯಿಲ್ ಪೈಪು, ಆಯಿಲ್, ಫಿಲ್ಟರ್ ಹೊಸದಾಗಲಿ; ಇಂಟರ್‌ಕೂಲರಿನಲ್ಲಿ ನಿಂತ ಆಯಿಲನ್ನೂ ಲೋಹದ ಚೂರುಗಳನ್ನೂ ತೊಳೆದು ತೆಗೆಯಲಿ; ಹಚ್ಚುವ ಮುನ್ನ ಹೊಸ ಟರ್ಬೋದೊಳಕ್ಕೆ ಆಯಿಲ್ ಹನಿಸಲಿ.

ಒಂದು ಅಪಾಯವನ್ನು ಇಲ್ಲಿ ಹೇಳದಿರಲಾಗದು. ಟರ್ಬೋದ ಸೀಲು ಪೂರ್ತಿ ಬಿಟ್ಟುಕೊಟ್ಟರೆ ಡೀಸೆಲ್ ಎಂಜಿನ್ ತನ್ನದೇ ಆಯಿಲನ್ನು ಇಂಧನವಾಗಿ ಕುಡಿಯತೊಡಗುತ್ತದೆ. ಆಗ ಕೀಲಿ ತೆಗೆದರೂ ಅದು ನಿಲ್ಲುವುದಿಲ್ಲ. ಹೊಗೆಯ ಮೋಡವೆಬ್ಬಿಸಿ ಮೇಲಕ್ಕೆ ಮೇಲಕ್ಕೆ ಕೂಗುತ್ತದೆ. ಕೈಗೇರಿನ ಕಾರಾದರೆ ಕ್ಲಚ್ ತುಳಿದು ನಿಲ್ಲಿಸಿ, ಬ್ರೇಕನ್ನು ಬಲವಾಗಿ ತುಳಿದುಕೊಂಡೇ ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಬೇಕು. ಅದು ಸಾಧ್ಯವಾಗದಿದ್ದರೆ ಎಲ್ಲರನ್ನೂ ಇಳಿಸಿಕೊಂಡು ದೂರ ಸರಿಯುವುದೇ ವಿವೇಕ. ಗಾಳಿಯ ಬಾಯಿಗೆ ಕೈಯೊಡ್ಡಲೇಬಾರದು. ನೀಲಿ ಹೊಗೆ ಹೆಚ್ಚುತ್ತ, ಆಯಿಲ್ ಇಳಿಯುತ್ತಿರುವ ಕಾರನ್ನು “ನಾಳೆ ತೋರಿಸಿದರಾಯಿತು” ಎಂದು ಓಡಿಸಬಾರದೆನ್ನುವುದು ಇದಕ್ಕಾಗಿ.

ಮಿಸ್ತ್ರಿಯವರು ನಮಗೆ ವಿಧಿಸಿದ ಪಥ್ಯ ಎರಡೇ. ಬೆಳಿಗ್ಗೆ ಹಚ್ಚಿದೊಡನೆ ಎಂಜಿನ್ನನ್ನು ಕೂಗಿಸಕೂಡದು. ಆಯಿಲ್ ಮೇಲೇರಲು ಸಮಯ ಬೇಕು. ಘಟ್ಟ ಹತ್ತಿ ಬಂದ ಮೇಲೆ ತಟ್ಟನೆ ಬಂದ್ ಮಾಡಕೂಡದು. ಕಾದ ಟರ್ಬೋದಲ್ಲಿ ನಿಂತುಹೋದ ಆಯಿಲ್ ಅಲ್ಲಿಯೇ ಸುಟ್ಟು ಕರಿಯಾಗುತ್ತದೆ. 2025ರ ಜನವರಿಯಲ್ಲಿ ಮತ್ತೆ ಅಂಕೋಲಾಕ್ಕೆ ಹೋಗಿ ಅದೇ ಅರಬೈಲನ್ನು ಹತ್ತಿದೆವು. ಎಳೆತ ಮೊದಲಿನಂತೆಯೇ ಇತ್ತು. ಯಲ್ಲಾಪುರದಲ್ಲಿ ಚಹಾಕ್ಕೆಂದು ನಿಲ್ಲಿಸಿ ಎಂಜಿನ್ನನ್ನು ಒಂದು ನಿಮಿಷ ಹಾಗೆಯೇ ಬಿಟ್ಟೆವು. ಇಳಿದು ನಿಂತ ತಾಯಿಯವರು ಕಿಟಕಿಯತ್ತ ಬಾಗಿ, “ಬಂದ್ ಮಾಡಾಕ ಮರತ್ಯೇನೋ ಯಪ್ಪಾ?” ಎಂದು ಕೇಳಿದರು.